ವೇಷ ತೊಡಬಹುದು, ಮುಖ ತೊಡಬಹುದೇ?

(ಶಿರಸಿಯಲ್ಲಿ ಸಿನಿಮಾ ಆಸಕ್ತರ ಕೂಟವೊಂದರಲ್ಲಿ ಆಡಿದ ಮಾತಿನ ಬರಹ ರೂಪ. ಕೊನೆಯ ಭಾಗ ಸಂವಾದದಲ್ಲಿ ಬಂದದ್ದು.)

ಎಲ್ಲರಿಗೂ ನಮಸ್ಕಾರ. ಈ ಮಳೆಯಲ್ಲಿ ಸಿದ್ದಾಪುರದಿಂದ, ಯಲ್ಲಾಪುರದಿಂದ, ಘಟ್ಟ ಹತ್ತಿ ಕಾರವಾರದಿಂದಲೂ ಬಂದಿದ್ದೀರಿ. ಹೆದರಿಸುವ ಸಿನಿಮಾದ ಬಗ್ಗೆ ಮಾತು ಕೇಳಲು ಇಷ್ಟು ಜನ ಸೇರಿದ್ದು ನನಗೆ ನಿಜಕ್ಕೂ ಸಂತೋಷ.

ಇವತ್ತಿನ ವಿಷಯ ಹುಟ್ಟಿದ್ದು ನಮ್ಮನೆ ಜಗಲಿಯ ಮೇಲೆ ನಡೆದ ಒಂದು ಜಗಳದಿಂದ. ನನ್ನ ಹತ್ತಿರ ಹೈಸ್ಕೂಲು ಓದಿದ ಇಬ್ಬರು ಹುಡುಗರಿದ್ದಾರೆ. ಒಬ್ಬ ಹುಬ್ಬಳ್ಳಿಯಲ್ಲಿ ಇಂಜಿನಿಯರಿಂಗ್ ಓದುತ್ತಾನೆ, ಇನ್ನೊಬ್ಬ ಇಲ್ಲೇ ಪೇಟೆಯಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟಿದ್ದಾನೆ. ಇಬ್ಬರಿಗೂ ‘ಏಲಿಯನ್’ ಸಿನಿಮಾಗಳ ಹುಚ್ಚು. 2024ರ ಆಗಸ್ಟಿನಲ್ಲಿ ಬಂದ ‘ಏಲಿಯನ್: ರೋಮ್ಯುಲಸ್’ ಅನ್ನು ಮೊದಲನೆಯವ ಹುಬ್ಬಳ್ಳಿಯ ಮಲ್ಟಿಪ್ಲೆಕ್ಸಿನಲ್ಲಿ ನೋಡಿ ಬಂದಿದ್ದ. ಎರಡನೆಯವ ಕೆಲವು ತಿಂಗಳು ಕಾದು ಮನೆಯಲ್ಲೇ ನೋಡಿದ. ದೀಪಾವಳಿ ಕಳೆದ ಮೇಲೆ ಒಂದು ದಿನ ಇಬ್ಬರೂ ನನ್ನನ್ನು ನೋಡಲು ಬಂದವರು, ಚಹಾ ಕುಡಿಯುವ ಹೊತ್ತಿಗೆ ಅದರಲ್ಲಿ ಬರುವ ಯಂತ್ರಮಾನವನೊಬ್ಬನ ಮುಖದ ವಿಷಯಕ್ಕೆ ಜಗಳಕ್ಕೆ ಬಿದ್ದರು.

“ಅದು ಮೇಣದ ಮುಖ ಕಣೋ. ತುಟಿ ಒಂದು ಕಡೆ, ಮಾತು ಒಂದು ಕಡೆ.”

“ಎಂತದೂ ಇಲ್ಲ. ಅಷ್ಟು ಚೆನ್ನಾಗಿ ಮಾಡಿದ್ದಾರೆ. ನೀನು ಯಾರೋ ಬೈದದ್ದು ಕೇಳಿ ಹೇಳ್ತಾ ಇದ್ದೀಯ.”

“ನಾನು ಕಣ್ಣಾರೆ ನೋಡಿದ್ದು! ಅಕ್ಕೋರೆ, ನೀವೇ ಹೇಳಿ.”

ನಾನು ಆಗಿನ್ನೂ ಸಿನಿಮಾ ನೋಡಿರಲಿಲ್ಲ. ಆಮೇಲೆ ನೋಡಿದೆ, ಅದರ ಬಗ್ಗೆ ಓದಿದೆ. ಓದಿದಾಗ ತಿಳಿದದ್ದು ಇಷ್ಟು: ಇಬ್ಬರ ಮಾತೂ ಸರಿ. ಚಿತ್ರಮಂದಿರಕ್ಕೆ ಬಂದಾಗ ಆ ಮುಖದ ಕೆಲಸ ಸಮಯ ಸಾಲದೆ ಅರೆಬರೆ ಆಗಿತ್ತು ಎಂದು ನಿರ್ದೇಶಕ ಫೆಡೆ ಆಲ್ವರೆಜ್ ಅವರೇ ಒಪ್ಪಿಕೊಂಡರು. ಮನೆಯಲ್ಲಿ ನೋಡುವ ಪ್ರತಿಗೆ ಅದನ್ನು ತಿದ್ದಿದರು. ಕಂಪ್ಯೂಟರಿನ ಕೆಲಸ ಕಡಿಮೆ ಮಾಡಿ, ಕೈಯಿಂದ ಮಾಡಿದ ಗೊಂಬೆಯೇ ಹೆಚ್ಚು ಕಾಣುವ ಹಾಗೆ ಮಾಡಿದರು. ಹುಬ್ಬಳ್ಳಿಯಲ್ಲಿ ಕೂತವನು ಕಂಡ ಮುಖ ಬೇರೆ, ಶಿರಸಿಯಲ್ಲಿ ಕೂತವನು ಕಂಡ ಮುಖ ಬೇರೆ. ಇಬ್ಬರೂ ಒಂದೇ ಸಿನಿಮಾ ನೋಡಿದ್ದೇವೆಂದು ನಂಬಿ ಅರ್ಧ ಗಂಟೆ ಕೂಗಾಡಿದ್ದರು.

ಒಂದು ಸಿನಿಮಾ ಹೇಗಿದೆ ಎಂದು ಕೇಳುವ ಮೊದಲು ನೀನು ಏನನ್ನು ನೋಡಿದೆ, ಎಲ್ಲಿ ಕೂತು ನೋಡಿದೆ, ಪಕ್ಕದಲ್ಲಿ ಯಾರಿದ್ದರು ಎಂದು ಕೇಳಬೇಕು ಎಂದು ನನಗೆ ಅನ್ನಿಸಿದ್ದು ಅವತ್ತು. ಹೆದರಿಸುವ ಸಿನಿಮಾದ ವಿಷಯದಲ್ಲಂತೂ ಇದನ್ನು ಕೇಳಲೇಬೇಕು.

ನೋಡದವರಿಗಾಗಿ ಕತೆಯನ್ನು ಚುಟುಕಾಗಿ ಹೇಳುತ್ತೇನೆ. 1979ರ ಮೊದಲ ‘ಏಲಿಯನ್’ಗೂ 1986ರ ಎರಡನೆಯದಕ್ಕೂ ನಡುವಿನ ಕಾಲದಲ್ಲಿ ಈ ಕತೆ ನಡೆಯುತ್ತದೆ. ಬಿಸಿಲೇ ಬೀಳದ ಒಂದು ಗ್ರಹದಲ್ಲಿ ಗಣಿ ಕಂಪನಿಯ ಕೂಲಿಗಳಾಗಿ ಸಿಕ್ಕಿಬಿದ್ದ ಕೆಲವು ಎಳೆಯರು, ಆಕಾಶದಲ್ಲಿ ತೇಲುತ್ತಿರುವ ಪಾಳು ನಿಲ್ದಾಣಕ್ಕೆ ಕದ್ದು ಹೋಗುತ್ತಾರೆ. ಅಲ್ಲಿಂದ ಬೇಕಾದ ಸಾಮಾನು ತಂದರೆ ಬಿಸಿಲಿರುವ ಬೇರೆ ಗ್ರಹಕ್ಕೆ ಓಡಿಹೋಗಬಹುದು ಎಂಬ ಆಸೆ ಅವರದು. ನಿಲ್ದಾಣದಲ್ಲಿ ಏನು ಕಾದಿದೆ ಎಂದು ನಿಮಗೆ ಗೊತ್ತೇ ಇದೆ: ಮನುಷ್ಯರನ್ನು ಕೊಲ್ಲುವ ಅನ್ಯಲೋಕದ ಜೀವಿಗಳು. ನಾಯಕಿ ರೇನ್ ಎಂಬ ಹುಡುಗಿ. ಅವಳ ಜೊತೆ ಅಣ್ಣನ ಹಾಗಿರುವ ಆಂಡಿ ಎಂಬ ಯಂತ್ರಮಾನವ.

ಈಗ ಹೆದರಿಕೆಯ ಮಾತು. ನಾನು ಜೀವನದಲ್ಲಿ ಮೊದಲು ಹೆದರಿದ್ದು ಯಕ್ಷಗಾನದ ಆಟದಲ್ಲಿ, ಸಿನಿಮಾ ಆಮೇಲಿನದು. ಆಗ ಆರೋ ಏಳೋ ವರ್ಷ. ಸಿದ್ದಾಪುರದ ಕಡೆ ನಮ್ಮ ಅಜ್ಜನ ಮನೆ. ಕೊಯ್ಲು ಮುಗಿದ ಗದ್ದೆಯಲ್ಲಿ ಬಯಲಾಟ. ಅಜ್ಜನ ಕಂಬಳಿಯೊಳಗೆ ಅರ್ಧ ನಿದ್ದೆಯಲ್ಲಿದ್ದೆ. ಚಂಡೆ ಒಮ್ಮೆಲೇ ಬದಲಾಯಿತು. ಇಬ್ಬರು ತೆರೆ ಹಿಡಿದು ನಿಂತರು. ಮೊದಲು ತೆರೆಯ ಮೇಲ್ಗಡೆ ಕಿರೀಟದ ತುದಿ ಮಾತ್ರ ಕಂಡಿತು. ಆಮೇಲೆ ಬಟ್ಟೆಯ ಅಂಚು ಹಿಡಿದ ಹತ್ತು ಬೆರಳು. ಒಂದು ಆರ್ಭಟ. ಯಾರೋ ದೀವಟಿಗೆಗೆ ರಾಳದ ಹುಡಿ ಎರಚಿದರು. ಭಗ್ ಎಂದು ಬೆಂಕಿ ಎದ್ದು ಗದ್ದೆಯೆಲ್ಲ ಕೆಂಪಾಯಿತು, ಮೂಗಿಗೆ ರಾಳದ ಹೊಗೆ ಬಂತು. ನಾನು ಕಿರುಚಿದೆ. ಅಜ್ಜ ಕವಳದ ಬಾಯಲ್ಲೇ, “ಹೆದರಡ ಕೂಸೇ, ಅದು ವೇಷ” ಅಂದ.

ಅದು ವೇಷ ಎಂದು ನನಗೂ ಗೊತ್ತಿತ್ತು. ಸಂಜೆ ಚೌಕಿಯಲ್ಲಿ ಆ ಮನುಷ್ಯ ಕನ್ನಡಿ ಹಿಡಿದು ಮುಖಕ್ಕೆ ಬಣ್ಣ ಹಚ್ಚಿಕೊಳ್ಳುವುದನ್ನು ಕೂತು ನೋಡಿದ್ದೆ. ನನಗೆ ಒಂದು ಬಾಳೆಹಣ್ಣನ್ನೂ ಕೊಟ್ಟಿದ್ದರು. ಆದರೂ ಹೆದರಿದೆ. ಗೊತ್ತಿದ್ದೂ ಹೆದರುವುದು ಎಂದರೆ ಅದು.

1979ರ ಚಿತ್ರ ನಮ್ಮ ಈ ತೆರೆಯ ಕಲೆಯಂತೆಯೇ ಕೆಲಸ ಮಾಡುತ್ತದೆ. ಅದರಲ್ಲಿ ಆ ಜೀವಿ ಪೂರ್ತಿಯಾಗಿ ಕಾಣಿಸುವುದು ಬಹಳ ಕಡಿಮೆ ಹೊತ್ತು. ಬಾಲದ ತುದಿ, ಜೊಲ್ಲು ಸುರಿಯುವ ದವಡೆ, ಕೊಳವೆಗಳ ನಡುವೆ ಕೊಳವೆಯಂತೆಯೇ ಮಲಗಿದ ತಲೆ, ಇಷ್ಟನ್ನೇ ನಾವು ನೋಡುತ್ತೇವೆ. ಸ್ವಿಸ್ ಕಲಾವಿದ ಎಚ್.ಆರ್. ಗೀಗರ್ ಅದರ ರೂಪ ಬರೆದರು. ಆ ಉಡುಪಿನೊಳಗೆ ಇದ್ದವರು ಬೊಲಾಜಿ ಬಡೆಜೊ ಎಂಬ ನೈಜೀರಿಯಾದ ವಿದ್ಯಾರ್ಥಿ, ಏಳು ಅಡಿಗೆ ಸ್ವಲ್ಪವೇ ಕಡಿಮೆ ಎತ್ತರದ ತೆಳ್ಳನೆಯ ಹುಡುಗ. ಆ ಬಣ್ಣದೊಳಗೆ ಒಂದು ಮನುಷ್ಯದೇಹ ಉಸಿರಾಡುತ್ತಿತ್ತು. ನಮ್ಮ ಮೈಗೆ ಅದು ತಿಳಿಯುತ್ತದೆ ಎಂದು ನಾನು ನಂಬಿದ್ದೇನೆ.

ಹೊಸ ಚಿತ್ರವನ್ನು ಅಭಿಮಾನಿಗಳೂ ವಿಮರ್ಶಕರೂ ಒಟ್ಟಾಗಿ ಮೆಚ್ಚಿದ್ದು ಇಲ್ಲಿಯೇ. ಆಲ್ವರೆಜ್ 1986ರ ಚಿತ್ರಕ್ಕೆ ಗೊಂಬೆ ಕಟ್ಟಿದ ಹಳೆಯ ಕೆಲಸಗಾರರನ್ನು ಹುಡುಕಿ ಕರೆದುಕೊಂಡು ಬಂದರು. ಮುಖಕ್ಕೆ ಅಪ್ಪಿಕೊಳ್ಳುವ ಆ ಜೇಡದಂಥ ಜೀವಿಗಳನ್ನು ನಿಜವಾಗಿ ಮಾಡಿ, ರಿಮೋಟಿನಲ್ಲಿ ನೆಲದ ಮೇಲೆ ಓಡಿಸಿದರು. ನಟರು ಖಾಲಿ ಗೋಡೆ ನೋಡಿ ಹೆದರುವ ಬದಲು ಎದುರಿಗಿದ್ದದ್ದನ್ನು ನೋಡಿ ಹೆದರಿದರು. ಒಂದು ದೃಶ್ಯವನ್ನು ಹೇಳಲೇಬೇಕು. ಆ ಜೀವಿಗಳು ಮನುಷ್ಯರನ್ನು ಗುರುತಿಸುವುದು ಮೈಯ ಬಿಸಿಯಿಂದ. ಹಾಗಾಗಿ ಹುಡುಗರು ಕೋಣೆಯ ಬಿಸಿಯನ್ನೇ ಮೈಬಿಸಿಯಷ್ಟು ಏರಿಸಿ, ಉಸಿರು ಬಿಗಿಹಿಡಿದು, ಅವುಗಳ ನಡುವೆ ನಡೆದು ಹೋಗುತ್ತಾರೆ. ಬೆವರಬಾರದು, ಓಡಬಾರದು, ಮಾತಾಡಬಾರದು. ಇದನ್ನು ನೋಡುವಾಗ ನನಗೆ ಅಂಕೋಲೆಯ ಮೇ ತಿಂಗಳ ಮಧ್ಯಾಹ್ನ ನೆನಪಾಯಿತು. ಗಾಳಿ ನಿಂತು, ಹೊರಗಿನ ಬಿಸಿ ಎಲ್ಲಿ ಮುಗಿಯಿತು, ಮೈಯ ಬಿಸಿ ಎಲ್ಲಿ ಶುರುವಾಯಿತು ಎಂದು ತಿಳಿಯದ ಹೊತ್ತು ಇರುತ್ತದಲ್ಲ, ಹಾಗೆ. ಕರಾವಳಿಯವರಿಗೆ ಈ ದೃಶ್ಯವನ್ನು ಯಾರೂ ವಿವರಿಸಿ ಹೇಳಬೇಕಾಗಿಲ್ಲ.

ಇನ್ನು ಅಭಿಮಾನಿಗಳಿಗೂ ವಿಮರ್ಶಕರಿಗೂ ಅಭಿಪ್ರಾಯ ಹೇಗೆ ಬೇರೆಯಾಗುತ್ತದೆ ಎನ್ನುವುದು. ಅಮೆರಿಕದಲ್ಲಿ ಸಿನಿಮಾಸ್ಕೋರ್ ಎಂಬ ಸಂಸ್ಥೆ ಇದೆ. ಬಿಡುಗಡೆಯ ದಿನ ಚಿತ್ರಮಂದಿರದ ಬಾಗಿಲಲ್ಲಿ ನಿಂತು, ಹೊರಗೆ ಬರುವ ಪ್ರೇಕ್ಷಕರ ಕೈಗೆ ಚೀಟಿ ಕೊಟ್ಟು ಶಾಲೆಯ ಗ್ರೇಡಿನಂತೆ ಅಂಕ ಬರೆಸಿಕೊಳ್ಳುತ್ತದೆ. ‘ರೋಮ್ಯುಲಸ್’ಗೆ ಸಿಕ್ಕಿದ್ದು ಬಿ ಪ್ಲಸ್. ಹೆದರಿಸುವ ಸಿನಿಮಾಕ್ಕೆ ಇದು ಒಳ್ಳೆಯ ಅಂಕವೇ. 2018ರ ‘ಅನೈಅಲೇಷನ್’ ಎಂಬ ವಿಜ್ಞಾನ ಭಯಚಿತ್ರವನ್ನು ವಿಮರ್ಶಕರು ತುಂಬಾ ಹೊಗಳಿದರು, ಬಾಗಿಲಲ್ಲಿ ನಿಂತವರಿಗೆ ಪ್ರೇಕ್ಷಕರು ಕೊಟ್ಟದ್ದು ಸಿ. ಅದರಲ್ಲಿ ಸತ್ತವಳ ದನಿಯಲ್ಲಿ ಅಳುವ ಒಂದು ಕರಡಿ ಬರುತ್ತದೆ. ಅದನ್ನು ಕೇಳಿ ಹೊರಬಂದವರ ಕೈಗೆ ಕೂಡಲೇ ಚೀಟಿ ಕೊಟ್ಟರೆ ಅವರು ಬರೆಯುವ ಅಂಕ ಸಿನಿಮಾದ್ದೋ ತಮ್ಮ ಹೊಟ್ಟೆಯ ತಳಮಳದ್ದೋ? ನನ್ನ ಪ್ರಕಾರ ಎರಡೂ, ಮತ್ತು ಅದು ತಪ್ಪಲ್ಲ. ಆದರೆ ಆಟ ಮುಗಿಸಿ ಬೆಳಗಿನ ಜಾವ ಮನೆಗೆ ನಡೆಯುವಾಗ ಹೇಳುವ ಮಾತು ಬೇರೆ, ಮರುದಿನ ತೋಟದಲ್ಲಿ ಕೆಲಸ ಮಾಡುತ್ತ ಹೇಳುವ ಮಾತು ಬೇರೆ, ಹತ್ತು ವರ್ಷದ ಮೇಲೆ ಹೇಳುವ ಮಾತು ಇನ್ನೂ ಬೇರೆ.

ಹತ್ತು ವರ್ಷದ ಮೇಲಿನ ಮಾತಿಗೆ ದೊಡ್ಡ ಉದಾಹರಣೆ ಜಾನ್ ಕಾರ್ಪೆಂಟರ್ ಅವರ ‘ದ ಥಿಂಗ್’. 1982ರ ಜೂನ್ 25ರಂದು ಬಿಡುಗಡೆಯಾಯಿತು. ಎರಡು ವಾರ ಮೊದಲಷ್ಟೇ ಪ್ರೀತಿಯ ಅನ್ಯಲೋಕದ ಮಗುವಿನಂಥ ‘ಇ.ಟಿ.’ ಬಂದಿತ್ತು. ಜನ ಆ ಗುಂಗಿನಲ್ಲಿದ್ದರು. ಮಂಜಿನ ಖಂಡದಲ್ಲಿ ಯಾರು ಮನುಷ್ಯ, ಯಾರು ಅಲ್ಲ ಎಂದು ತಿಳಿಯದೆ ಒಬ್ಬರನ್ನೊಬ್ಬರು ಅನುಮಾನಿಸುವ ಗಂಡಸರ ಕತೆ ಯಾರಿಗೂ ಬೇಡವಾಯಿತು. ವಿಮರ್ಶಕರು ಅದನ್ನು ಅಸಹ್ಯ ಎಂದು ಬರೆದರು, ದುಡ್ಡೂ ಆಗಲಿಲ್ಲ. ಇವತ್ತು ಆ ಚಿತ್ರವನ್ನು ಈ ಜಾತಿಯ ಸಿನಿಮಾಗಳಲ್ಲಿ ಅತಿ ಶ್ರೇಷ್ಠವಾದವುಗಳ ಸಾಲಿನಲ್ಲಿ ಇಡುತ್ತಾರೆ. ಅದನ್ನು ಕಾಪಾಡಿದ್ದು ಅಭಿಮಾನಿಗಳು. ವಿಡಿಯೋ ಕ್ಯಾಸೆಟ್ಟಿನಲ್ಲಿ ಮನೆಗೆ ತಂದು, ಮತ್ತೆ ಮತ್ತೆ ಹಾಕಿ, ಯಾವ ಗಳಿಗೆಯಲ್ಲಿ ಯಾರಿಗೆ ಸೋಂಕು ತಗುಲಿತು ಎಂದು ವರ್ಷಗಟ್ಟಲೆ ವಾದ ಮಾಡಿ ಉಳಿಸಿದರು. ಅಭಿಮಾನಿಗಳ ಬಗ್ಗೆ ಹಗುರವಾಗಿ ಮಾತಾಡುವವರನ್ನು ಕಂಡರೆ ನನಗೆ ಬೇಸರ ಆಗುವುದು ಇದೇ ಕಾರಣಕ್ಕೆ.

ಅದೇ ಅಭಿಮಾನಿಗಳು ‘ರೋಮ್ಯುಲಸ್’ ಮೇಲೆ ಸಿಟ್ಟಾದದ್ದೂ ಇದೆ. 1986ರ ಚಿತ್ರದ ಕೊನೆಯಲ್ಲಿ ನಾಯಕಿ ರಿಪ್ಲಿ, ಚಿಕ್ಕ ಹುಡುಗಿಯನ್ನು ಉಳಿಸಲು ಆ ರಾಣಿಜೀವಿಯ ಎದುರು ನಿಂತು ಒಂದು ಬೈಗುಳದ ಮಾತು ಹೇಳುತ್ತಾಳೆ. ಬಹಳ ಹೆಸರಾದ ಮಾತು. ಹೊಸ ಚಿತ್ರದಲ್ಲಿ ಆಂಡಿಯ ಬಾಯಲ್ಲಿ, ತೊದಲುತ್ತ, ಅದೇ ಮಾತು ಬರುತ್ತದೆ. ಕೆಲವರು ಶಿಳ್ಳೆ ಹೊಡೆದರು. ತುಂಬಾ ಜನ ಮುಖ ಸಿಂಡರಿಸಿದರು, ವಿಮರ್ಶಕರೂ ಇದನ್ನು ಕುಂದು ಎಂದೇ ಬರೆದರು.

ನಮ್ಮ ತಾಳಮದ್ದಳೆ ಕೇಳುವವರಿಗೆ ಈ ಸಿಟ್ಟು ಸುಲಭವಾಗಿ ಅರ್ಥವಾಗುತ್ತದೆ. ಪ್ರಸಂಗ ಹಳೆಯದು, ಪದ್ಯ ಹಳೆಯದು, ಭೀಷ್ಮ ಏನು ಮಾಡುತ್ತಾನೆ ಎಂದು ಎಲ್ಲರಿಗೂ ಗೊತ್ತು. ಹಳೆಯದನ್ನು ಮತ್ತೆ ಕೇಳಲು ನಮಗೆ ಬೇಸರವಿಲ್ಲ, ಅದಕ್ಕಾಗಿಯೇ ರಾತ್ರಿಯಿಡೀ ಕೂರುತ್ತೇವೆ. ಆದರೆ ಅರ್ಥ, ಅಂದರೆ ಪದ್ಯದ ಮೇಲೆ ಕಲಾವಿದ ಆಡುವ ಮಾತು, ಆ ಹೊತ್ತಿಗೆ, ಎದುರು ಕೂತವನ ಮಾತಿಗೆ ಉತ್ತರವಾಗಿ ಹುಟ್ಟಬೇಕು. ಹಿಂದಿನ ದೊಡ್ಡ ಅರ್ಥಧಾರಿಯೊಬ್ಬರು ಯಾವುದೋ ಸಂದರ್ಭದಲ್ಲಿ ಹೇಳಿ ಚಪ್ಪಾಳೆ ಗಿಟ್ಟಿಸಿದ ವಾಕ್ಯವನ್ನು ಹೊಸಬ ಎತ್ತಿ ಇಟ್ಟರೆ, ಹಿಂದಿನ ಸಾಲಿನ ಅಜ್ಜಂದಿರಿಗೆ ಕೂಡಲೇ ಗೊತ್ತಾಗುತ್ತದೆ. ರಿಪ್ಲಿಯ ಮಾತು ಹುಟ್ಟಿದ್ದು ಅವಳ ತಾಯ್ತನದಿಂದ. ಆಂಡಿಗೆ ಅಂಥ ಮಾತು ಬರುವ ಕಾರಣ ಕತೆಯೊಳಗೆ ಇಲ್ಲ, ಪ್ರೇಕ್ಷಕರ ನೆನಪಿನಲ್ಲಿ ಮಾತ್ರ ಇದೆ. ಆ ಗಳಿಗೆಯಲ್ಲಿ ಹೆದರಿಕೆ ಕೈತಪ್ಪಿತು. ನಾನು ಸಿನಿಮಾದಿಂದ ಹೊರಗೆ ಬಂದು ಕುರ್ಚಿಯಲ್ಲಿ ಕೂತಿದ್ದೆ.

ಇನ್ನು ಜಗಲಿಯ ಜಗಳದ ಆ ಮುಖ. ನನ್ನ ಮಾತಿನ ಮುಖ್ಯ ಭಾಗ ಇದೇ.

ಮೊದಲ ‘ಏಲಿಯನ್’ನಲ್ಲಿ ಆ್ಯಶ್ ಎಂಬ ಯಂತ್ರಮಾನವನ ಪಾತ್ರ ಮಾಡಿದ್ದವರು ಇಯಾನ್ ಹೋಮ್, ಇಂಗ್ಲೆಂಡಿನ ದೊಡ್ಡ ನಟ. 2020ರಲ್ಲಿ ತೀರಿಕೊಂಡರು. ಹೊಸ ಚಿತ್ರದಲ್ಲಿ ಅದೇ ಮಾದರಿಯ ರೂಕ್ ಎಂಬ ಇನ್ನೊಂದು ಯಂತ್ರ ಬರುತ್ತದೆ, ಹೋಮ್ ಅವರ ಮುಖದೊಂದಿಗೆ. ಗೊಂಬೆ ಕಟ್ಟಿ, ಬೇರೆ ನಟರೊಬ್ಬರ ದನಿ ಮತ್ತು ಮುಖಚಲನೆ ತೆಗೆದುಕೊಂಡು, ಕಂಪ್ಯೂಟರಿನಲ್ಲಿ ಹೊಂದಿಸಿದರು. ಮನೆಯವರ ಒಪ್ಪಿಗೆ ಪಡೆದೇ ಮಾಡಿದ್ದು. ಅಭಿಮಾನಿಗಳಲ್ಲಿ ಒಂದು ಗುಂಪು, ಒಂದೇ ಕಾರ್ಖಾನೆಯ ಯಂತ್ರಗಳಿಗೆ ಒಂದೇ ಮುಖ ಇರುವುದು ನ್ಯಾಯವೇ ಅಲ್ಲವೇ ಎಂದಿತು. ಕತೆಯ ತರ್ಕಕ್ಕೆ ಅದು ಸರಿ. ವಿಮರ್ಶಕರಲ್ಲಿ ಹಲವರು, ತೀರಿಹೋದವರ ಮುಖವನ್ನು ಹೀಗೆ ದುಡಿಸಿಕೊಳ್ಳಬಾರದು ಎಂದರು.

ನಮ್ಮ ಜಿಲ್ಲೆಯಲ್ಲಿ ಇದನ್ನು ತೂಗಲು ಒಂದು ತಕ್ಕಡಿ ಇದೆ. ಕೆರೆಮನೆ ಶಂಭು ಹೆಗಡೆಯವರು 2009ರಲ್ಲಿ ಇಡಗುಂಜಿಯಲ್ಲಿ ವೇಷ ಕಟ್ಟಿ ರಂಗದಲ್ಲಿದ್ದಾಗಲೇ ಅಸ್ವಸ್ಥರಾಗಿ ಹೋಗಿಬಿಟ್ಟರು. ಚಿಟ್ಟಾಣಿ ರಾಮಚಂದ್ರ ಹೆಗಡೆಯವರು 2017ರ ಅಕ್ಟೋಬರಿನಲ್ಲಿ ತೀರಿಕೊಂಡರು. ಚಿಟ್ಟಾಣಿಯವರ ಭಸ್ಮಾಸುರ, ಕೀಚಕ ನೋಡಿದವರು ಇಲ್ಲಿ ಎಷ್ಟು ಜನ ಇಲ್ಲ! ಅವರು ಹೋದ ಮೇಲೆ ಭಸ್ಮಾಸುರ ನಿಂತನೇ? ಇಲ್ಲ. ಬೇರೆಯವರು ಆ ವೇಷ ಕಟ್ಟುತ್ತಾರೆ. ಅವರ ಹೆಜ್ಜೆ, ಕಣ್ಣು ತಿರುಗಿಸುವ ಬಗೆ, ಆ ಬಳುಕು ಮುಂದಿನವರ ಮೈಯಲ್ಲಿ ಬಂದಾಗ ನಾವು ಚಪ್ಪಾಳೆ ಹೊಡೆಯುತ್ತೇವೆ. ವೇಷ ಪರಂಪರೆಯದು, ಯಾರೂ ತೊಡಬಹುದು, ತೊಡಬೇಕು. ಆದರೆ ನಾಳೆ ಯಾರಾದರೂ ಕಂಪ್ಯೂಟರಿನಲ್ಲಿ ಅವರ ಮುಖವನ್ನೇ ಮಾಡಿ, ಅವರು ಎಂದೂ ಆಡದ ಅರ್ಥವನ್ನು ಅವರ ಬಾಯಲ್ಲಿ ಆಡಿಸಿ ರಂಗಕ್ಕೆ ತಂದರೆ ನಾವು ಕೂತು ನೋಡುತ್ತೇವೆಯೇ? ನನ್ನಿಂದ ಆಗದು. ಕೆಲಸ ಎಷ್ಟು ನಯವಾಗಿದ್ದರೂ ಆಗದು. ಹಾಗಾಗಿ ಹುಬ್ಬಳ್ಳಿಯ ಪ್ರತಿಯಲ್ಲಿ ತುಟಿ ಕೂಡಿಲ್ಲ, ಮನೆಯ ಪ್ರತಿಯಲ್ಲಿ ಕೂಡಿದೆ ಎಂಬ ವಾದ ನನಗೆ ಎರಡನೆಯದು. ತುಟಿ ಸರಿಯಾಗಿ ಕೂಡಿದರೆ ನನ್ನ ಕಳವಳ ಹೆಚ್ಚುತ್ತದೆ.

ಇದಕ್ಕೆ ಉತ್ತರ ಬೇರೆ ಕಡೆ ಹುಡುಕಬೇಕಾಗಿಯೂ ಇಲ್ಲ, ಅದೇ ಸಿನಿಮಾದಲ್ಲಿದೆ. ಆಂಡಿಯೂ ಯಂತ್ರಮಾನವನೇ. ಆ ಪಾತ್ರ ಮಾಡಿದವರು ಡೇವಿಡ್ ಜಾನ್ಸನ್ ಎಂಬ ಬ್ರಿಟಿಷ್ ನಟ. ಮೊದಲರ್ಧದಲ್ಲಿ ಆಂಡಿ ಭುಜ ಇಳಿಬಿಟ್ಟು, ಮಾತು ತಡವರಿಸುತ್ತ, ರೇನ್‌ಳನ್ನು ನಗಿಸಲು ಹಳಸಲು ಜೋಕು ಹೇಳುವ ಪಾಪದ ಅಣ್ಣ. ರೂಕ್‌ನ ಚಿಪ್ ಹಾಕಿದ ಕೂಡಲೇ ಬೆನ್ನು ನೆಟ್ಟಗಾಗುತ್ತದೆ, ಕಣ್ಣು ಮಿಟುಕಿಸುವುದು ಕಡಿಮೆಯಾಗುತ್ತದೆ, ದನಿಯಲ್ಲಿ ಒಂದು ತಣ್ಣನೆಯ ಚುರುಕು ಬರುತ್ತದೆ. ಅಣ್ಣ ಕಂಪನಿಯ ಆಳಾಗಿಬಿಟ್ಟ. ಕಂಪ್ಯೂಟರಿನ ಬಣ್ಣ ಇಲ್ಲದೆ, ಬರಿಯ ಮೈಯಿಂದ ಮಾಡಿದ ಕೆಲಸ. ವಿಮರ್ಶಕರೂ ಅಭಿಮಾನಿಗಳೂ ಜಗಳವಿಲ್ಲದೆ ಒಪ್ಪಿದ್ದು ಇವರೊಬ್ಬರನ್ನು. ಬಾಗಿಲಿನ ಆಚೆ ಸಾಯುತ್ತಿರುವ ಗೆಳತಿಗೆ ಬಾಗಿಲು ತೆರೆಯದೆ ಅವನು ನಿಲ್ಲುವ ಗಳಿಗೆಯಲ್ಲಿ ನನಗೆ ಆ ಕಂಬಳಿಯೊಳಗಿನ ಹೆದರಿಕೆಯೇ ಮತ್ತೆ ಬಂತು.

ಕೊನೆಯ ಭಾಗದಲ್ಲಿ ಹುಟ್ಟುವ ಮನುಷ್ಯ-ರಾಕ್ಷಸ ಕೂಸಿನ ಬಗ್ಗೆಯೂ ಜನ ಎರಡಾಗಿದ್ದಾರೆ. ರಾಬರ್ಟ್ ಬೊಬ್ರೊಸ್ಕಿ ಎಂಬ ಏಳೂವರೆ ಅಡಿಯ ಬಾಸ್ಕೆಟ್‌ಬಾಲ್ ಆಟಗಾರ ಅದರೊಳಗಿದ್ದಾರೆ. ಕೆಲವರಿಗೆ ಅತಿಯಾಯಿತು, ಇದೇ ಸರಣಿಯ 1997ರ ಚಿತ್ರದ ನೆರಳು ಎನ್ನಿಸಿತು. ನನಗೆ ಹಿಡಿಸಿತು. ಬಡೆಜೊ ಅವರ ನಂತರ ಮತ್ತೊಬ್ಬ ನಿಜವಾದ ಎತ್ತರದ ಮನುಷ್ಯ ವೇಷ ಕಟ್ಟಿದ್ದಾರೆ ಎನ್ನುವುದೇ ನನಗೆ ಸಾಕು.

*

ಸಂವಾದದಲ್ಲಿ ಹುಡುಗರು ಬಹಳ ಪ್ರಶ್ನೆ ಕೇಳಿದರು. ಹೆಚ್ಚಿನವು ಯಾವ ಚಿತ್ರ ದೊಡ್ಡದು ಎನ್ನುವ ಬಗ್ಗೆ. ಅವನ್ನು ಇಲ್ಲಿ ಬರೆಯುವುದಿಲ್ಲ. ಕಾರವಾರದಿಂದ ಬಂದ ಹೆಂಗಸೊಬ್ಬರು ಎದ್ದು ನಿಂತು ಹೇಳಿದ್ದನ್ನು ಬರೆಯಬೇಕು.

“ಅಕ್ಕೋರೆ, ನೀವು ರಾಕ್ಷಸನ ವಿಷಯ ಹೇಳಿದಿರಿ. ನಾನು ಮಗನ ಜೊತೆ ನೋಡಿದೆ. ನನಗೆ ಹೆದರಿಕೆಯಾದದ್ದು ಮೊದಲ ಹತ್ತು ನಿಮಿಷದಲ್ಲೇ, ಆ ಕೌಂಟರಿನ ಹತ್ತಿರ.”

ಆ ದೃಶ್ಯ ಹೀಗಿದೆ. ರೇನ್ ತನ್ನ ಕರಾರಿನ ಹನ್ನೆರಡು ಸಾವಿರ ಗಂಟೆಯ ದುಡಿಮೆ ಮುಗಿಸಿ, ಗ್ರಹ ಬಿಟ್ಟು ಹೋಗುವ ಪರವಾನಗಿ ಕೇಳಲು ಬರುತ್ತಾಳೆ. ಕೌಂಟರಿನಲ್ಲಿ ಕೂತವಳು ಪರದೆ ನೋಡಿ, ಗಂಟೆಗಳನ್ನು ಇಪ್ಪತ್ತನಾಲ್ಕು ಸಾವಿರಕ್ಕೆ ಏರಿಸಲಾಗಿದೆ, ಇನ್ನು ಐದಾರು ವರ್ಷ, ಗಣಿಗೆ ವರ್ಗ ಎಂದು ಹೇಳಿ ಕಳಿಸುತ್ತಾಳೆ. ದನಿ ಏರಿಸುವುದೂ ಇಲ್ಲ.

ನಮ್ಮ ಜಿಲ್ಲೆ ಸೂಪಾ ಅಣೆಕಟ್ಟಿಗೆ, ಕೈಗಾಕ್ಕೆ, ನೌಕಾನೆಲೆಗೆ ಊರುಗಳನ್ನು ಬಿಟ್ಟುಕೊಟ್ಟ ಜಿಲ್ಲೆ. ಎದ್ದು ನಿಂತ ಆ ಹೆಂಗಸು ಯಾವ ಯೋಜನೆ ಎಂದು ಹೇಳಲಿಲ್ಲ, ನಾನೂ ಕೇಳಲಿಲ್ಲ. ಅವರ ಅಪ್ಪ ಮನೆ, ತೆಂಗಿನ ಹಿತ್ತಲು ಬಿಟ್ಟುಕೊಟ್ಟ ಮೇಲೆ ಪರಿಹಾರಕ್ಕಾಗಿ ಒಂದು ಕಚೇರಿಗೆ ವರ್ಷಗಟ್ಟಲೆ ಓಡಾಡಿದವರು. ಚಿಕ್ಕವಳಾಗಿದ್ದ ಇವರು ಜೊತೆಗೆ ಹೋಗುತ್ತಿದ್ದರು. ಪ್ರತಿ ಸಲ ಒಂದು ಕಾಗದ ಕಡಿಮೆ ಇರುತ್ತಿತ್ತು. ಒಂದು ಸಲ ಎಲ್ಲ ಕಾಗದವೂ ಇದ್ದವು, ಆದರೆ ಅಷ್ಟರಲ್ಲಿ ನಮೂನೆಯೇ ಬದಲಾಗಿತ್ತು.

“ಅಲ್ಲಿ ಕೂತವರು ಕೆಟ್ಟವರಲ್ಲ ಅಕ್ಕೋರೆ. ನನಗೆ ಚಾಕಲೇಟು ಕೊಟ್ಟಿದ್ದರು. ಆ ಸಿನಿಮಾದ ಹೆಂಗಸೂ ಹಾಗೇ ಇದ್ದಾಳೆ, ನೋಡಿ. ಅಪ್ಪ ಹೊರಗೆ ಬಂದು ಮೆಟ್ಟಿಲ ಮೇಲೆ ಕೂತು ಚಪ್ಪಲಿ ಹಾಕಿಕೊಳ್ಳುವುದಕ್ಕೆ ಎಷ್ಟೋ ಹೊತ್ತು ಮಾಡುತ್ತಿದ್ದರು. ಆ ಫೈಲಿನ ನಂಬರು ನನಗೆ ಈಗಲೂ ಬಾಯಿಪಾಠ.”

ಅವರು ಆ ನಂಬರನ್ನು ಹೇಳಿದರು, ಓರೆಗೆರೆಗಳ ಸಮೇತ. ಸಭೆಯಲ್ಲಿ ಯಾರೂ ಮಾತಾಡಲಿಲ್ಲ. ನನ್ನ ಹತ್ತಿರವೂ ಉತ್ತರವಿರಲಿಲ್ಲ. ನಾನು ಓದಿದ ವಿಮರ್ಶೆಗಳಲ್ಲಿ ಹೆಚ್ಚಿನವರು ಆ ಕೌಂಟರಿಗೆ ಒಂದು ಸಾಲು ಕೊಟ್ಟು ಮುಂದೆ ಹೋಗಿದ್ದರು, ನಾನೂ ನನ್ನ ಮಾತಿನಲ್ಲಿ ಅದನ್ನು ಬಿಟ್ಟೇ ಬಿಟ್ಟಿದ್ದೆ.

ಕಾರ್ಯಕ್ರಮ ಮುಗಿದು ಚಹಾ ಬಂದಾಗ ನೋಡಿದರೆ ನನ್ನ ಇಬ್ಬರು ಹುಡುಗರೂ ಅವರ ಎದುರು ಕುರ್ಚಿ ಎಳೆದುಕೊಂಡು ಕೂತಿದ್ದರು. ಹಿತ್ತಲಲ್ಲಿ ಎಷ್ಟು ತೆಂಗಿನಮರ ಇದ್ದವು ಎಂದು ಕೇಳುತ್ತಿದ್ದರು.